ಉರುಳುವ ಗಾಡಿಯಲ್ಲಿ ಉರಿಯುವ ಗ್ಯಾಸ್: ಚಿಕ್ಕಬಳ್ಳಾಪುರದ ಸಾರಿಗೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಚಿಕ್ಕಬಳ್ಳಾಪುರ

ಮಾನ್ಯರೇ,

ನಾನು ಬಿ.ಬಿ. ರಸ್ತೆಯ ಆಸುಪಾಸಿನ ಹೋಟೆಲು, ಬೇಕರಿ, ಕಲ್ಯಾಣ ಮಂಟಪಗಳಿಗೆ ಗ್ಯಾಸ್ ಲೈನ್ ಎಳೆದುಕೊಡುವ ಕೆಲಸದವನು. ಒಲೆ ರಿಪೇರಿ, ಬರ್ನರ್ ಸರ್ವಿಸ್, ಲೀಕ್ ಚೆಕಿಂಗ್, ಇದೇ ನನ್ನ ಅನ್ನ. ಕಾಗದ ಪತ್ರ ಬರೆಯುವ ಅಭ್ಯಾಸ ಅಷ್ಟಾಗಿ ಇಲ್ಲ. ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ಕಚೇರಿಗೂ ಕೊಡುತ್ತಿದ್ದೇನೆ. ಇಲ್ಲಿ ಎಲ್ಲರೆದುರು ಇಡುತ್ತಿರುವುದು ಏಕೆಂದರೆ, ಗಾಡಿ ಮಾಲೀಕರೂ ಡ್ರೈವರ್‌ಗಳೂ ಟೂರ್ ಕಟ್ಟುವವರೂ ಓದದೆ ನೀವೊಬ್ಬರೇ ಓದಿದರೆ ಉಪಯೋಗ ಅರ್ಧವಷ್ಟೇ.

ಕೇಳಿಕೊಳ್ಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಓಡುತ್ತಿರುವಾಗ ಅದರೊಳಗಿನ ಗ್ಯಾಸ್ ಒಲೆ, ಗ್ಯಾಸ್ ಫ್ರಿಜ್, ಗೀಸರ್ ಯಾವುದೂ ಉರಿಯಬಾರದು. ಸಿಲಿಂಡರಿನ ತಲೆಯಲ್ಲೇ ಗ್ಯಾಸ್ ಬಂದ್ ಆಗಿರಬೇಕು. ಈ ಮಾತನ್ನು ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡುವಾಗಲೂ ಸ್ಪೆಷಲ್ ಪರ್ಮಿಟ್ ಕೊಡುವಾಗಲೂ ನೀವು ಷರತ್ತಾಗಿ ಸೇರಿಸಬೇಕು.

ಶನಿವಾರ ಭಾನುವಾರ ಬಂತೆಂದರೆ ನಂದಿ ಬೆಟ್ಟ, ಆವಲಬೆಟ್ಟ, ಆವಲಗುರ್ಕಿಯ ಆದಿಯೋಗಿ ಕಡೆಗೆ ಬೆಂಗಳೂರಿನಿಂದ ಬರುವ ಗಾಡಿಗಳಲ್ಲಿ ಈಗ ಒಳಗೇ ಮಲಗಿ ಅಡಿಗೆ ಮಾಡಿಕೊಳ್ಳಬಹುದಾದ ಕ್ಯಾಂಪರ್ ವ್ಯಾನ್‌ಗಳೂ ಸೇರಿಕೊಂಡಿವೆ. ಕಂಪನಿಯಲ್ಲೇ ಕ್ಯಾರವಾನ್ ಆಗಿ ತಯಾರಾಗಿ ಬಂದವು ಕೆಲವು. ಹಳೆಯ ಟಿಟಿ (ಟೆಂಪೋ ಟ್ರಾವೆಲರ್) ತೆಗೆದುಕೊಂಡು ಸೀಟು ಕಿತ್ತು, ಮಂಚ ಹಾಕಿ, ಅಡಿಗೆ ಕಟ್ಟೆ ಕಟ್ಟಿಸಿಕೊಂಡವು ಹಲವು. ಅಂಥ ಒಂದು ಗಾಡಿ ಇತ್ತೀಚೆಗೆ ನನ್ನ ಅಂಗಡಿ ಮುಂದೆ ಬಂದು ನಿಂತಿತು. ಒಲೆ ಸರಿಯಾಗಿ ಹತ್ತುತ್ತಿಲ್ಲ, ನೋಡಿಕೊಡಿ ಎಂದರು. ನಾನು ಗಾಡಿಯ ಪಕ್ಕಕ್ಕೆ ಹೋದರೆ ಹೊರಮೈಯಲ್ಲಿ ಒಂದು ಪ್ಲಾಸ್ಟಿಕ್ ಜಾಲರಿ, ಅದರಿಂದ ಬಿಸಿ ಗಾಳಿ ಬರುತ್ತಿದೆ. ಬಗ್ಗಿ ನೋಡಿದರೆ ಒಳಗೆ ಬೆರಳುದ್ದದ ಉರಿ. ಅದು ಫ್ರಿಜ್ಜು. ಬೆಂಗಳೂರಿನಿಂದ ಇಲ್ಲಿಯವರೆಗೂ ಹಾಗೇ ಉರಿಯುತ್ತಾ ಬಂದಿದೆ. ಡೀಸೆಲ್ ಎಲ್ಲಿ ಹಾಕಿಸಿದಿರಿ ಎಂದೆ. ದೇವನಹಳ್ಳಿ ದಾಟಿದ ಮೇಲೆ ಒಂದು ಬಂಕಿನಲ್ಲಂತೆ. ಆಗ ಫ್ರಿಜ್ ಆಫ್ ಮಾಡಿದ್ದಿರಾ ಎಂದರೆ, "ಫ್ರಿಜ್ ಯಾಕೆ ಸಾರ್ ಆಫ್ ಮಾಡಬೇಕು?" ಎಂದರು. ಓದಿದವರು, ಒಳ್ಳೆಯವರು. ಫ್ರಿಜ್ಜಿನೊಳಗೆ ಬೆಂಕಿ ಇದೆ ಎನ್ನುವುದೇ ಅವರ ತಲೆಯಲ್ಲಿ ಇರಲಿಲ್ಲ.

ಇರುವುದಾದರೂ ಹೇಗೆ? ನಮ್ಮ ಮನೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುತ್ತದೆ, ಕರೆಂಟಿಗೆ ಓಡುತ್ತದೆ. ಈ ಗಾಡಿಗಳಲ್ಲಿ ಕೂರಿಸುವ ಆಮದು ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ ಬೆರೆತ ನೀರನ್ನು ಹಿಂಬದಿಯಲ್ಲಿ ಕಾಯಿಸುತ್ತಾರೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾಯಿಸಲು ಗಾಡಿಯ 12 ವೋಲ್ಟ್ ಬ್ಯಾಟರಿಯಾದರೂ ಆಯಿತು, ಮನೆಯ ಕರೆಂಟಾದರೂ ಆಯಿತು, ಗ್ಯಾಸ್ ಆದರೂ ಆಯಿತು. ಬ್ಯಾಟರಿ ಬೇಗ ಇಳಿಯುತ್ತದೆಂದು ಜನ ಗ್ಯಾಸಿಗೆ ಹಾಕಿ ಬಿಟ್ಟುಬಿಡುತ್ತಾರೆ. ಸದ್ದಿಲ್ಲ, ಹೊಗೆಯಿಲ್ಲ. ಹಾಗಾಗಿ ಉರಿಯುತ್ತಿದೆ ಎನ್ನುವುದೇ ಮರೆತುಹೋಗುತ್ತದೆ.

"ಅಮೆರಿಕಾದಲ್ಲಿ ಎಲ್ಲರೂ ಹೀಗೇ ಓಡಿಸ್ತಾರೆ" ಎನ್ನುವ ಮಾತನ್ನು ನಾನು ಬೇರೆಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಪೂರ್ತಿ ಸುಳ್ಳಲ್ಲ. ಅಲ್ಲಿ ಓಡುವಾಗ ಪ್ರೊಪೇನ್ (ಅಲ್ಲಿಯ ಸಿಲಿಂಡರ್ ಗ್ಯಾಸ್) ಉರಿಸಬಾರದೆಂಬ ದೇಶಕ್ಕೆಲ್ಲ ಒಂದೇ ಕಾನೂನಿಲ್ಲ. ಬಹಳ ಜನ ಫ್ರಿಜ್ ಉರಿಸಿಕೊಂಡೇ ನೂರಾರು ಮೈಲಿ ಹೋಗುತ್ತಾರೆ, ಬೇಡ ಎನ್ನುವವರೊಂದಿಗೆ ವಾದವನ್ನೂ ಮಾಡುತ್ತಾರೆ. ಆದರೆ ಅದೇ ಅಮೆರಿಕದಲ್ಲಿ ಇಂಧನ ತುಂಬಿಸುವಾಗ ಗ್ಯಾಸಿನ ಎಲ್ಲ ಉರಿಯನ್ನೂ ಆರಿಸಿರಬೇಕೆಂದು ಗಾಡಿಯ ಮೇಲೇ ಎಚ್ಚರಿಕೆ ಅಂಟಿಸಿರುತ್ತಾರೆ. ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ನೆಲದ ಹತ್ತಿರ ಇರುತ್ತದೆ. ಬಾಲ್ಟಿಮೋರಿನ ಸುರಂಗ ರಸ್ತೆಗಳಲ್ಲಿ 10 ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕೆಜಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರ್ ಇಟ್ಟುಕೊಂಡವರಿಗೆ ಪ್ರವೇಶವೇ ಇಲ್ಲ. ಯುರೋಪಿನಲ್ಲಿ ಓಡುತ್ತಾ ಗ್ಯಾಸ್ ಹೀಟರ್ ಉರಿಸಬೇಕಾದರೆ, ಪೈಪು ಕಿತ್ತುಬಂದ ಕೂಡಲೇ ಗ್ಯಾಸನ್ನು ತಾನಾಗಿ ತಡೆಯುವ ಸಾಧನ ಇರಲೇಬೇಕು. ಗಾಡಿ ಗುದ್ದಿದ ಕ್ಷಣ ಒಳಗಿನ ಗುಂಡು ಕದಲಿ ದಾರಿ ಮುಚ್ಚುವ ರೆಗ್ಯುಲೇಟರ್‌ಗಳನ್ನು ಅಲ್ಲಿ ಇದಕ್ಕೆಂದೇ ಮಾಡುತ್ತಾರೆ.

ನಮ್ಮವರು ಅಲ್ಲಿಂದ ತಂದುಕೊಂಡಿರುವುದು ಫ್ರಿಜ್ಜನ್ನು ಮಾತ್ರ. ಉಳಿದದ್ದೆಲ್ಲ ಇಲ್ಲಿಯದು: ಮನೆಯ 14.2 ಕೆಜಿಯ ಕೆಂಪು ಸಿಲಿಂಡರ್, ಅದರ ತಲೆಯ ಮೇಲೆ ಟಕ್ಕೆಂದು ಕೂರುವ ರೆಗ್ಯುಲೇಟರ್, ಒಂದೂವರೆ ಮೀಟರ್ ರಬ್ಬರ್ ಪೈಪು. ತಮಾಷೆಯೆಂದರೆ ಒತ್ತಡ ಸರಿಯಾಗಿಯೇ ಹೊಂದುತ್ತದೆ. ನಮ್ಮ ಮನೆ ರೆಗ್ಯುಲೇಟರ್ ಬಿಡುವುದೂ ಸುಮಾರು 30 ಮಿಲಿಬಾರ್, ಆ ಫ್ರಿಜ್ಜುಗಳು ಕೇಳುವುದೂ ಹತ್ತಿರ ಹತ್ತಿರ ಅಷ್ಟೇ. ಸಿಕ್ಕಿಸಿದ ತಕ್ಷಣ ಹತ್ತಿಕೊಳ್ಳುತ್ತದೆ, ಮಾಲೀಕರಿಗೆ ಖುಷಿ. ಹತ್ತದೇ ಹೋಗಿದ್ದರೆ ಯಾರಾದರೂ ಬಲ್ಲವರನ್ನು ಕೇಳುತ್ತಿದ್ದರೇನೋ. ಇನ್ನೊಂದು ವಿಷಯ, ಅಲ್ಲಿಯದು ಬಹುಪಾಲು ಬರೀ ಪ್ರೊಪೇನ್. ಹಿಮ ಬೀಳುವ ಊರುಗಳಲ್ಲಿ ಬ್ಯೂಟೇನ್ ಆವಿಯಾಗುವುದೇ ಇಲ್ಲ, ಪ್ರೊಪೇನ್ ಆದರೆ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಆವಿಯಾಗುತ್ತದೆ. ನಮ್ಮದು ಎರಡೂ ಬೆರೆತ ಎಲ್‌ಪಿಜಿ. ಪ್ರೊಪೇನ್‌ಗೆಂದೇ ಕೊರೆದ ಜೆಟ್‌ನಲ್ಲಿ (ಗ್ಯಾಸ್ ಹೊರಬರುವ ಸಣ್ಣ ತೂತಿನಲ್ಲಿ) ಇದು ಉರಿದರೆ ಉರಿ ಹಳದಿಗೆ ತಿರುಗಿ ಮಸಿ ಕಟ್ಟಬಹುದು. ಹಳದಿ ಉರಿ ಎಂದರೆ ಕಾರ್ಬನ್ ಮಾನಾಕ್ಸೈಡ್ ಎನ್ನುವ ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತಿದೆ ಎಂದು ಅನುಮಾನ ಪಡಬೇಕು. ಕಿಟಕಿ ಮುಚ್ಚಿಕೊಂಡು ಮಲಗುವ ಗಾಡಿಯಲ್ಲಿ ಅದು ಏನು ಮಾಡುತ್ತದೆಂದು ಬಚ್ಚಲುಮನೆಯ ಗ್ಯಾಸ್ ಗೀಸರ್ ಸಾವುಗಳ ಸುದ್ದಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಗಾಡಿಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಇನ್ನಷ್ಟು ಹೇಳಬೇಕು. ಸಿಲಿಂಡರನ್ನು ಮಂಚದ ಕೆಳಗೆ ಅಡ್ಡ ಮಲಗಿಸಿದ್ದರು, ಎತ್ತರ ಸಾಲದೆಂದು. ನಿಲ್ಲಿಸಿದ ಸಿಲಿಂಡರಿನಿಂದ ಬರುವುದು ಆವಿ. ಮಲಗಿಸಿದರೆ ಗ್ಯಾಸು ದ್ರವವಾಗಿಯೇ ರೆಗ್ಯುಲೇಟರ್‌ಗೆ ನುಗ್ಗಬಹುದು, ಒಂದು ಪಾಲು ದ್ರವ ಸುಮಾರು 250 ಪಾಲು ಆವಿಯಾಗಿ ಹಿಗ್ಗುತ್ತದೆ. ರಬ್ಬರ್ ಪೈಪು ಪ್ಲೈವುಡ್ಡಿನ ತೂತಿನ ಮೂಲಕ ಹಾದುಹೋಗಿತ್ತು. ಆ ತೂತಿನ ಅಂಚಿಗೆ ಪೈಪು ಉಜ್ಜದಂತೆ ಕಾಯುವ ಬುಷ್ ಹಾಕಿರಲಿಲ್ಲ. ಪೈಪನ್ನು ಎಳೆದು ತಿರುಗಿಸಿ ನೋಡಿದರೆ ತೂತಿನ ಅಂಚು ಉಜ್ಜಿದ ಕಡೆ ಕಿತ್ತಳೆ ಬಣ್ಣದ ಮೇಲ್ಪದರ ಸವೆದು ಒಳಗಿನ ತಂತಿಹೆಣಿಗೆ ಕಾಣುತ್ತಿತ್ತು. ಮನೆಯಲ್ಲಿ ಐದು ವರ್ಷ ಬಾಳುವ ಸುರಕ್ಷಾ ಪೈಪು ಅದು, ಮೇಲೆ ಅಚ್ಚಾಗಿದ್ದ ಅವಧಿಯೂ ಮುಗಿದಿರಲಿಲ್ಲ. ಆದರೆ ಮನೆಯ ಪೈಪು ಅಲ್ಲಾಡುವುದಿಲ್ಲ. ಈ ಪೈಪು ನಂದಿ ಬೆಟ್ಟದ ತಿರುವುಗಳಲ್ಲಿ, ನಮ್ಮೂರಿನ ಹಂಪುಗಳ ಮೇಲೆ, ಗುಂಡಿಗಳಲ್ಲಿ ಒಂದೇ ಸಮನೆ ಉಜ್ಜಿಸಿಕೊಳ್ಳುತ್ತಿತ್ತು. ಇನ್ನು ಡಿಟೆಕ್ಟರ್. ಇತ್ತು, ಪಾಪ, ದುಡ್ಡು ಕೊಟ್ಟು ತಂದಿದ್ದರು. ಆದರೆ ಚಾವಣಿಗೆ ಅಂಟಿಸಿದ್ದರು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದ್ದೆಲ್ಲ ನೆಲಕ್ಕಿಳಿದು ಮ್ಯಾಟಿನ ಕೆಳಗೆ, ಮಂಚದ ಸಂದಿಗೆ ಸೇರಿಕೊಳ್ಳುತ್ತದೆ. ಚಾವಣಿಯ ಡಿಟೆಕ್ಟರ್ ಕೂಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಎಷ್ಟು ಸೋರಿದರೆ ಅಪಾಯ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಸೇರಿದರೆ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ಒಂದು ಟಿಟಿಯ ಒಳಗೆ ಸುಮಾರು 12 ಘನ ಮೀಟರ್ ಗಾಳಿ ಎಂದುಕೊಳ್ಳಿ. ಅದರ ನೂರಕ್ಕೆರಡು ಎಂದರೆ ಕಾಲು ಘನ ಮೀಟರಿಗೂ ಕಡಿಮೆ, ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕೆಜಿ. ತುಂಬಿದ ಸಿಲಿಂಡರಿನಲ್ಲಿ ಅಂಥ ಅರ್ಧ ಕೆಜಿಗಳು 28 ಇವೆ. ಅದೂ ಗ್ಯಾಸ್ ಗಾಡಿಯ ತುಂಬ ಸಮನಾಗಿ ಹರಡಿದರೆ ಮಾತ್ರ ಈ ಲೆಕ್ಕ. ನೆಲದಲ್ಲೇ ಮಡುಗಟ್ಟಿದರೆ ಅರ್ಧ ಕೆಜಿಯೂ ಬೇಡ.

ನಿಂತ ಗಾಡಿಯಲ್ಲೂ ಇದೆಲ್ಲ ಆಗಬಹುದಲ್ಲ ಎಂದು ನೀವು ಕೇಳಬಹುದು. ಆಗಬಹುದು. ಆದರೆ ನಿಂತಾಗ ಬಾಗಿಲು ತೆರೆದಿರುತ್ತದೆ, ಅಡಿಗೆ ಮಾಡುವವರು ಮುಂದೆಯೇ ಇರುತ್ತಾರೆ, ವಾಸನೆ ಮೂಗಿಗೆ ಬಡಿಯುತ್ತದೆ. ಆ ಕೊಳೆತ ಎಲೆಕೋಸಿನ ನಾತವನ್ನು ಸೋರಿಕೆ ಗೊತ್ತಾಗಲೆಂದೇ ಕಂಪನಿಯವರು ಬೆರೆಸಿರುತ್ತಾರೆ. ಓಡುವ ಗಾಡಿಯಲ್ಲಿ ಡ್ರೈವರ್ ಮುಂದೆ, ಗ್ಯಾಸ್ ಹಿಂದೆ. ನಡುವೆ ಪಾರ್ಟಿಷನ್, ಕಿಟಕಿ ಏರಿಸಿ ಎಸಿ. ಗಾಳಿಯ ರಭಸಕ್ಕೆ ಬರ್ನರ್ ಆರಿಹೋದರೆ ಒಳ್ಳೆಯ ಉಪಕರಣದಲ್ಲಿ ಉರಿಯ ಬಿಸಿಯನ್ನು ಗುರುತಿಸುವ ಥರ್ಮೋಕಪಲ್ ಎನ್ನುವ ಕಡ್ಡಿ ತಣ್ಣಗಾಗಿ ಗ್ಯಾಸನ್ನು ತಾನೇ ನಿಲ್ಲಿಸುತ್ತದೆ. ನಮ್ಮ ಮನೆಯ ಸಾದಾ ಎರಡು ಬರ್ನರಿನ ಒಲೆಗಳಲ್ಲಿ ಬಹುಪಾಲಿಗೆ ಅದು ಇರುವುದೇ ಇಲ್ಲ. ಉರಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡದು ಅಪಘಾತ. ಗಾಡಿ ಗುದ್ದಿ ಪೈಪು ಕಿತ್ತುಬಂದಾಗ ಸಿಲಿಂಡರ್ ಬಂದ್ ಆಗಿದ್ದರೆ ಅದೊಂದು ಭಾರದ ಕಬ್ಬಿಣ, ಅಷ್ಟೇ. ತೆರೆದಿದ್ದರೆ ಒಳಗೆ ಸಿಕ್ಕಿಕೊಂಡವರನ್ನು ಎಳೆಯಲು ಬಂದವರೂ ಹತ್ತಿರ ಹೋಗುವ ಹಾಗಿಲ್ಲ.

2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಬಳಿ ಸುಟ್ಟುಹೋದ ಸ್ಲೀಪರ್ ಬಸ್ಸು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದದ್ದು. ಇನ್ನು ಕೆಲವು ಗಂಟೆ ಕಳೆದಿದ್ದರೆ ಬಾಗೇಪಲ್ಲಿ ಟೋಲ್ ದಾಟಿ ನಮ್ಮೂರ ಪಕ್ಕದಲ್ಲೇ ಹಾದುಹೋಗುತ್ತಿತ್ತು. 19 ಪ್ರಯಾಣಿಕರು ಸತ್ತರು. ಅದರಲ್ಲಿ ಅಡಿಗೆ ಗ್ಯಾಸಿನ ಪಾತ್ರ ಇರಲಿಲ್ಲ, ಕೆಳಗೆ ಸಿಕ್ಕಿಕೊಂಡ ಬೈಕಿನ ಪೆಟ್ರೋಲಿನಿಂದ ಶುರುವಾದ ಬೆಂಕಿ. ಮುಚ್ಚಿದ ಗಾಡಿಯಲ್ಲಿ ಬೆಂಕಿ ಜನರಿಗೆ ಎಷ್ಟು ಹೊತ್ತು ಕೊಡುತ್ತದೆ ಎನ್ನುವುದಕ್ಕೆ ಅದನ್ನು ನೆನೆಸಿದೆ. ಗ್ಯಾಸಿನದೇ ಉದಾಹರಣೆ ಬೇಕೆಂದರೆ ಮದುರೈ ಇದೆ. 2023ರ ಆಗಸ್ಟ್ 26ರ ಬೆಳಗ್ಗೆ ಯಾರ್ಡಿನಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಳಗೆ, ಕದ್ದುಮುಚ್ಚಿ ಒಳಗೆ ತಂದ ಸಿಲಿಂಡರಿನಲ್ಲಿ ಕಾಫಿ ಕಾಯಿಸಹೋಗಿ ಒಂಬತ್ತು ಜನ ಸತ್ತರು. ಉತ್ತರಪ್ರದೇಶದಿಂದ ದೇವರ ದರ್ಶನಕ್ಕೆಂದು ಬಂದಿದ್ದವರು.

ಯಾತ್ರೆಯ ಮಾತು ಬಂದದ್ದರಿಂದ, ಕ್ಯಾಂಪರ್ ವ್ಯಾನ್ ಎಂದರೆ ಬೆಂಗಳೂರಿನ ದುಡ್ಡಿರುವವರ ಸಮಾಚಾರ ಎಂದು ನೀವು ಈ ಪತ್ರವನ್ನು ಪಕ್ಕಕ್ಕಿಡಬಾರದೆಂದು ಕೋರುತ್ತೇನೆ. ಧನುರ್ಮಾಸ ಬಂದರೆ ನಮ್ಮ ಜಿಲ್ಲೆ, ಕೋಲಾರ ಜಿಲ್ಲೆಗಳಿಂದ ಓಂಶಕ್ತಿ ಮಾಲೆ ಹಾಕಿದ ಹೆಣ್ಣುಮಕ್ಕಳು ಬಸ್ಸುಗಟ್ಟಲೆ ತಮಿಳುನಾಡಿನ ಮೇಲ್‌ಮರುವತ್ತೂರಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಅಯ್ಯಪ್ಪ ಸ್ವಾಮಿಗಳ ಟಿಟಿಗಳು ಶಬರಿಮಲೆಗೆ. ಬಸ್ಸಿನ ಮೇಲೆ ಪಾತ್ರೆ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಮೂಟೆಗಳ ನಡುವೆ ಅಡ್ಡ ಮಲಗಿದ ಸಿಲಿಂಡರ್. ಡಿಕ್ಕಿ ತುಂಬಿದರೆ ಹಿಂದಿನ ಸೀಟಿನ ಕಾಲಬುಡದಲ್ಲಿ. ರೆಗ್ಯುಲೇಟರ್ ತೆಗೆಯದೆ, ಒಲೆಯನ್ನೂ ಬಿಚ್ಚದೆ, ಮುಂದಿನ ನಿಲುಗಡೆಯಲ್ಲಿ ಬೇಗ ಹಚ್ಚಬಹುದೆಂದು ಹಾಗೇ ಕಟ್ಟಿಟ್ಟದ್ದನ್ನು ನೋಡಿದ್ದೇನೆ. ಓಡುತ್ತಿರುವ ಟಿಟಿಯಲ್ಲೇ ಚಹಾ ಕಾಯಿಸಿಕೊಂಡು ಬಂದೆವು ಎಂದು ಹೆಮ್ಮೆಯಿಂದ ಹೇಳಿಕೊಂಡವರನ್ನೂ ಕಂಡಿದ್ದೇನೆ. ಕ್ಯಾಂಪರಿನಲ್ಲಿ ನಾಲ್ಕು ಜನ ಇದ್ದರೆ ಬಸ್ಸಿನಲ್ಲಿ ಐವತ್ತು.

ಕಾನೂನು ಇಲ್ಲವೆಂದಲ್ಲ. ಕ್ಯಾರವಾನ್ ಹೇಗಿರಬೇಕೆಂದು ಹೇಳುವ ಎಐಎಸ್ 124 ಮಾನದಂಡ ಇದೆ. ಗಾಡಿಯ ರೂಪ ಬದಲಿಸಲು ನಿಮ್ಮ ಒಪ್ಪಿಗೆ ಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಸಿಲಿಂಡರ್ ಸಾಗಿಸುವುದಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ಮನೆಯ ಸಿಲಿಂಡರನ್ನು ಬಾಡಿಗೆ ವ್ಯಾನಿನಲ್ಲಿ, ತಿಂಡಿ ಗಾಡಿಯಲ್ಲಿ ಬಳಸುವಂತಿಲ್ಲ ಎನ್ನಲು 2000ನೇ ಇಸವಿಯ ಎಲ್‌ಪಿಜಿ ಆದೇಶವಿದೆ. ಆದರೆ ಮೈದಾನದಲ್ಲಿ ನಡೆಯುವುದೇ ಬೇರೆ. ಎಫ್‌ಸಿಗೆ ಬಂದ ಗಾಡಿಯ ಲೈಟು, ಬ್ರೇಕು, ಹೊಗೆ, ರೇಡಿಯಂ ಸ್ಟಿಕ್ಕರ್ ಎಲ್ಲ ನೋಡುತ್ತಾರೆ. ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ಮಂಚ ಎತ್ತಿ ಗ್ಯಾಸ್ ಪೈಪು ನೋಡಿದ್ದನ್ನು ನಾನು ಕಂಡಿಲ್ಲ. ಹಳದಿ ಬೋರ್ಡಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನಿಮ್ಮ ಮುಂದೆ ಬರುತ್ತದೆ. ಬಿಳಿ ಬೋರ್ಡಿನ ಕ್ಯಾಂಪರು ಒಮ್ಮೆ ರಿಜಿಸ್ಟರ್ ಆಯಿತೆಂದರೆ 15 ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಕೇಳುತ್ತಿರುವುದಕ್ಕೆ ಹೊಸ ಕಾಯ್ದೆಯಾಗಲಿ ಬೆಂಗಳೂರಿನ ಆದೇಶವಾಗಲಿ ಬೇಕಾಗಲಾರದು ಎಂದು ನನ್ನ ತಿಳಿವಳಿಕೆ. ಓಂಶಕ್ತಿ, ಅಯ್ಯಪ್ಪ ಯಾತ್ರೆಗೆ ಹೊರರಾಜ್ಯಕ್ಕೆ ಹೋಗುವ ಬಾಡಿಗೆ ಬಸ್ಸು ಸ್ಪೆಷಲ್ ಪರ್ಮಿಟ್ ಪಡೆಯುವಾಗಲೇ ಬಸ್ ಮಾಲೀಕರಿಂದಲೂ ಯಾತ್ರೆ ಕಟ್ಟುವವರಿಂದಲೂ ಒಂದು ಮುಚ್ಚಳಿಕೆ ಬರೆಸಿಕೊಳ್ಳಿ: ಜನರಿರುವ ಬಸ್ಸಿನಲ್ಲಿ ಸಿಲಿಂಡರ್ ಹಾಕುವುದಿಲ್ಲ ಎಂದು. ಅಡಿಗೆ ಸಾಮಾನಿಗೆ ಬೇರೆ ಗೂಡ್ಸ್ ಗಾಡಿ ಕಳಿಸುವ ತಂಡಗಳು ಈಗಾಗಲೇ ಇವೆ. ನಾಲ್ಕು ಬಸ್ಸು ಸೇರಿ ಒಂದು ಗೂಡ್ಸ್ ಗಾಡಿ ಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ದೊಡ್ಡದಲ್ಲ. ಆ ಗಾಡಿಯಲ್ಲೂ ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೆಲ್ಟ್ ಬಿಗಿದಿರಬೇಕು, ರೆಗ್ಯುಲೇಟರ್ ತೆಗೆದು ಸೇಫ್ಟಿ ಕ್ಯಾಪ್ ಹಾಕಿರಬೇಕು. ನೈಲಾನ್ ದಾರದಲ್ಲಿ ನೇತಾಡುವ ಆ ಬಿಳಿ ಮುಚ್ಚಳವನ್ನು ನಮ್ಮ ಹೆಂಗಸರು ಮಕ್ಕಳ ಆಟಕ್ಕೆ ಕೊಟ್ಟುಬಿಡುತ್ತಾರೆ, ಗಂಡಸರು ಕತ್ತರಿಸಿ ಬಿಸಾಡುತ್ತಾರೆ. ವಾಲ್ವಿನೊಳಗಿನ ರಬ್ಬರ್ ವಾಷರ್ ಹಾಳಾಗಿದ್ದರೂ ಸೋರಿಕೆಯನ್ನು ಹಿಡಿದಿಡುವುದು ಅದೊಂದೇ.

ಕ್ಯಾಂಪರ್‌ಗಳಿಗೆ ಬಂದರೆ, ಎಫ್‌ಸಿ ದಿನ ಗ್ಯಾಸ್ ಇರುವ ಗಾಡಿಯ ಸಿಲಿಂಡರ್ ಪೆಟ್ಟಿಗೆ ಒಳಗಿನಿಂದ ಬಿಗಿಯಾಗಿ ಬೇರ್ಪಟ್ಟಿದೆಯೇ, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇದೆಯೇ, ಡಿಟೆಕ್ಟರ್ ನೆಲದ ಹತ್ತಿರ ಇದೆಯೇ, ಪೈಪು ಲೋಹಕ್ಕೋ ಮರಕ್ಕೋ ಉಜ್ಜುತ್ತಿದೆಯೇ, ಇಷ್ಟು ನೋಡಿ. ಡ್ರೈವರ್ ಕಣ್ಣಿಗೆ ಬೀಳುವಲ್ಲಿ "ಗ್ಯಾಸ್ ಬಂದ್ ಮಾಡಿ ಹೊರಡಿ" ಎಂದು ಕನ್ನಡದಲ್ಲೊಂದು ಸ್ಟಿಕ್ಕರ್ ಇರಲಿ. ರೇಡಿಯಂ ಸ್ಟಿಕ್ಕರಿಗೆ ಗಾಡಿ ವಾಪಸ್ ಕಳಿಸುವ ಕಚೇರಿಗೆ ಇದು ಕಷ್ಟವಲ್ಲ. ಹೆದ್ದಾರಿ ಬಂಕಿನ ಹುಡುಗರಿಗೂ ಒಂದು ಮಾತು ಮುಟ್ಟಿಸಿದರೆ ಒಳ್ಳೆಯದು. ಮೊಬೈಲ್ ಹಿಡಿದವನನ್ನು ಗದರುತ್ತಾರೆ, ಪಕ್ಕದಲ್ಲೇ ಜಾಲರಿಯೊಳಗೆ ಬೆಂಕಿ ಉರಿಯುತ್ತಿರುವ ಗಾಡಿಗೆ ಇಂಧನ ಹಾಕುತ್ತಾರೆ. ನಂದಿ ಬೆಟ್ಟದ ಕೆಳಗೆ ಗಾಡಿ ತಡೆಯುವಲ್ಲಿ ಒಂದು ಬೋರ್ಡು ಹಾಕಿಸಲು ಪ್ರವಾಸೋದ್ಯಮ ಇಲಾಖೆಗೆ ನೀವು ಬರೆದರೆ ಅವರು ಇಲ್ಲವೆನ್ನಲಾರರು.

ಗಾಡಿ ಮಾಲೀಕರೇ, ಫ್ರಿಜ್ ಆರಿಸಿದರೆ ಸಾಮಾನು ಕೆಡುತ್ತದೆ ಎನ್ನುವ ನಿಮ್ಮ ಮಾತಿಗೆ ಉತ್ತರ ಇಷ್ಟೇ. ಬಾಗಿಲು ತೆಗೆಯದಿದ್ದರೆ ಒಳ್ಳೆಯ ಸ್ಥಿತಿಯ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಬೆಂಗಳೂರಿನಿಂದ ನಂದಿಗೆ 60 ಕಿಲೋಮೀಟರ್, ಹೆಬ್ಬಾಳದ ಟ್ರಾಫಿಕ್ ಸೇರಿದರೂ ನಾಲ್ಕು ಗಂಟೆ ಆಗದು. ಹಿಂದಿನ ರಾತ್ರಿಯೇ ಮನೆ ಕರೆಂಟಿಗೆ ಹಾಕಿ ಫ್ರಿಜ್ ತಣ್ಣಗೆ ಮಾಡಿ, ನೀರಿನ ಬಾಟಲಿಗಳನ್ನು ಗಟ್ಟಿ ಮಂಜುಗಡ್ಡೆ ಮಾಡಿ ಒಳಗಿಟ್ಟುಕೊಳ್ಳಿ. ದೂರದ ಪ್ರಯಾಣವಿದ್ದರೆ ಓಡುವಾಗ 12 ವೋಲ್ಟಿಗೆ ಬದಲಿಸಿ, ಎಂಜಿನ್ ತಿರುಗುತ್ತಿರುವವರೆಗೆ ಅದರ ಆಲ್ಟರ್ನೇಟರ್ ಕರೆಂಟು ಕೊಡುತ್ತದೆ. ಹಸುಗೂಸಿನ ಹಾಲು, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇಟ್ಟುಕೊಂಡು ಓಡಾಡುವವರು ಬ್ಯಾಟರಿಯಲ್ಲಿ ನಡೆಯುವ ಸಣ್ಣ ಕಂಪ್ರೆಸರ್ ಫ್ರಿಜ್ ಕೊಳ್ಳುವುದೇ ಸರಿ. ದುಬಾರಿ, ನಿಜ. ಆದರೆ ಅದರಲ್ಲಿ ಉರಿ ಇಲ್ಲ. ಸೋರಿಕೆ ಅನುಮಾನ ಬಂದರೆ ಗಾಡಿ ಬಯಲಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲು ತೆರೆದು ಜನರನ್ನು ಇಳಿಸಿ. ಒಳಗಿನ ಲೈಟು ಫ್ಯಾನಿನ ಸ್ವಿಚ್ ಮುಟ್ಟಬೇಡಿ. ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡುವುದೂ ದೂರ ಹೋದ ಮೇಲೆ.

ಸಾಹೇಬರೇ, ಬ್ರೇಕ್ ಇನ್‌ಸ್ಪೆಕ್ಟರ್‌ಗಳಿಗೆ ಗ್ಯಾಸ್ ಲೈನ್ ನೋಡುವ ತರಬೇತಿ ಇಲ್ಲ ಎನ್ನುವ ಉತ್ತರ ಬರಬಹುದೆಂದು ಗೊತ್ತು. ಎಫ್‌ಸಿ ನಡೆಯುವ ಯಾವುದೇ ದಿನ ಕರೆಯಿರಿ, ಬರುತ್ತೇನೆ. ಒಂದು ಮಗ್ಗು ಸೋಪಿನ ನೀರು, ಒಂದು ಪೇಂಟ್ ಬ್ರಷ್ಷು, ಒಂದು ಟಾರ್ಚು ಸಾಕು. ಒಂದು ಗಾಡಿಗೆ ಹತ್ತು ನಿಮಿಷ ಹಿಡಿಯುತ್ತದೆ. ನಿಮ್ಮ ಸಿಬ್ಬಂದಿ ಒಮ್ಮೆ ನಿಂತು ನೋಡಿದರೆ ಮುಂದೆ ಅವರೇ ಮಾಡಿಕೊಳ್ಳಬಹುದು. ಸಂಭಾವನೆ ಬೇಡ, ಓಂಶಕ್ತಿ ಬಸ್ಸುಗಳ ಪರ್ಮಿಟ್ ಅರ್ಜಿ ಶುರುವಾಗುವ ಮೊದಲು ದಿನ ಗೊತ್ತುಮಾಡಿದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಬಿ.ಬಿ. ರಸ್ತೆಯ ಗ್ಯಾಸ್ ಲೈನ್ ಕೆಲಸದವನು
ಚಿಕ್ಕಬಳ್ಳಾಪುರ